ಕಾನ್ಫಿಗರೇಷನ್ ಮೇಷ್ಟ್ರು

ತಾಲ್ಲೂಕು ಕೇಂದ್ರವೆಂಬ ಹೆಸರನ್ನು ಹೊತ್ತ ಊರಿಗೆ ಒಬ್ಬ ತಹಶೀಲ್ದಾರರೂ ಒಂದು ಸಂತೆ ಮೈದಾನವೂ ಎಷ್ಟು ಅವಶ್ಯವೋ, ಈಚಿನ ವರ್ಷಗಳಲ್ಲಿ ಒಬ್ಬ ಕಾನ್ಫಿಗರೇಷನ್ ಮೇಷ್ಟ್ರೂ ಅಷ್ಟೇ ಅವಶ್ಯರಾಗಿದ್ದಾರೆ. ಇವರಿಗೆ ಸರ್ಕಾರದ ನೇಮಕದ ಆದೇಶವಿಲ್ಲ, ಸಂಬಳವಿಲ್ಲ, ಆದಕಾರಣ ವರ್ಗಾವಣೆಯ ಭಯವೂ ಇಲ್ಲ. ವೃತ್ತಿಯಿಂದ ಇವರು ಪ್ರೌಢಶಾಲೆಯ ವಿಜ್ಞಾನದ ಅಧ್ಯಾಪಕರಾಗಿರಬಹುದು, ಸಹಕಾರ ಸಂಘದ ಗುಮಾಸ್ತರಾಗಿರಬಹುದು, ಗೊಬ್ಬರದಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರೂ ಆಗಿರಬಹುದು. ಆದರೆ ಟೆಲಿವಿಷನ್ನಾಗಲಿ ಕಂಪ್ಯೂಟರಾಗಲಿ ವೈಫೈ ಪೆಟ್ಟಿಗೆಯಾಗಲಿ ಮನೆಗೆ ಬರಬೇಕಾದರೆ ಜನರು ಅಂಗಡಿಯ ಮೆಟ್ಟಿಲನ್ನು ಹತ್ತುವುದಕ್ಕೆ ಮೊದಲು ಇವರ ಮನೆಯ ಜಗಲಿಯನ್ನು ಹತ್ತಿಬರುವುದು ರೂಢಿಯಾಗಿದೆ. ಬಂದವರು ಕೊಳ್ಳಹೊರಟಿರುವುದು ಲ್ಯಾಪ್‌ಟಾಪೋ ಮಿಕ್ಸಿಯೋ ಎಂಬುದನ್ನು ವಿಚಾರಿಸುವ ಮೊದಲೇ ಇವರ ಬಾಯಿಂದ ಹೊರಡುವ ಪ್ರಶ್ನೆ, “ಕಾನ್ಫಿಗರೇಷನ್ ಎಷ್ಟೈತಿ?” ಎಂಬುದು. ಮಗಳಿಗೆ ವರನನ್ನು ನೋಡಲು ಹೋದಾಗಲೂ ಇದೇ ಪ್ರಶ್ನೆ ಇವರ ನಾಲಗೆಯ ತುದಿಯವರೆಗೆ ಬಂದಿತ್ತೆಂದು ವಿರೋಧಿಗಳು ಹೇಳುವುದುಂಟು. ವಿರೋಧಿಗಳ ಮಾತನ್ನು ಪೂರ್ತಿಯಾಗಿ ನಂಬುವುದು ನ್ಯಾಯವಲ್ಲ.

ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ. ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 1997ರಲ್ಲಿ, ದಾವಣಗೆರೆ ಜಿಲ್ಲೆ ಹುಟ್ಟಿದಾಗ ಶಿವಮೊಗ್ಗೆಯಿಂದ ಚನ್ನಗಿರಿ ಹೊನ್ನಾಳಿಗಳೂ ಚಿತ್ರದುರ್ಗದಿಂದ ಜಗಳೂರೂ ಬಂದು ಸೇರಿಕೊಂಡವು. ಹೊನ್ನಾಳಿಯ ಒಡಲಿನಿಂದ ಬೇರ್ಪಟ್ಟು ನ್ಯಾಮತಿಯೂ ಈಚೆಗೆ ತಾನೇ ಒಂದು ತಾಲ್ಲೂಕಾಯಿತು. ಅಡಿಕೆಯ ನೆರಳಿನಲ್ಲಿ ಬಾಳುವ ಚನ್ನಗಿರಿಗೂ, ತುಂಗಭದ್ರೆಯ ದಡದ ಹೊನ್ನಾಳಿಗೂ, ಮಳೆಯ ಮೋಡವನ್ನು ದೂರದಿಂದಲೇ ನೋಡಿ ಮೆಕ್ಕೆಜೋಳ ಬಿತ್ತುವ ಜಗಳೂರಿಗೂ ನೆಲ ಬೇರೆ, ನೀರು ಬೇರೆ, ಮಾತಿನ ಧಾಟಿಯೂ ಬೇರೆ. ಇವೆಲ್ಲಕ್ಕೂ ಸಾಧಾರಣವಾದ ವಸ್ತು ಯಾವುದೆಂದು ಯಾರಾದರೂ ಕೇಳಿದರೆ ನಾನು ನಿಸ್ಸಂಕೋಚವಾಗಿ ನಮ್ಮ ಮೇಷ್ಟ್ರ ಕಡೆಗೆ ಬೆರಳು ಮಾಡುತ್ತೇನೆ.

ಇವರ ವಂಶವೃಕ್ಷವನ್ನು ಶೋಧಿಸಹೊರಟರೆ ಅದು ದನದ ಜಾತ್ರೆಗೆ ಹೋಗಿ ನಿಲ್ಲುತ್ತದೆ. ಎತ್ತಿನ ತುಟಿಯನ್ನು ಎತ್ತಿ ಹಲ್ಲನ್ನು ಎಣಿಸಿ, ಬೆನ್ನಿನ ಸುಳಿಗಳನ್ನು ಬೆರಳಿನಿಂದ ತಡವಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಕೊನೆಗೆ ಟವೆಲ್ಲಿನ ಮರೆಯಲ್ಲಿ ದಲ್ಲಾಳಿಯ ಬೆರಳುಗಳನ್ನು ಹಿಡಿದು ಕ್ರಯವನ್ನು ಕುದುರಿಸಿಕೊಡುತ್ತಿದ್ದ ಹಿರಿಯನೊಬ್ಬ ಪ್ರತಿ ಹಳ್ಳಿಯಲ್ಲಿಯೂ ಇರುತ್ತಿದ್ದನಷ್ಟೆ. ಮೇಷ್ಟ್ರು ಅವನ ಮೊಮ್ಮಗ. ಸುಳಿಯ ಜಾಗಕ್ಕೆ ಪ್ರೊಸೆಸರು ಬಂದಿದೆ, ಹಲ್ಲಿನ ಜಾಗಕ್ಕೆ ರ‍್ಯಾಮ್ ಬಂದಿದೆ. ಗಾಂಭೀರ್ಯ ಮಾತ್ರ ಪಿತ್ರಾರ್ಜಿತ. ಆದರೆ ಆ ಹಿರಿಯ ಎತ್ತನ್ನು ಮುಟ್ಟುವ ಮೊದಲು, “ನಿಂದು ಎರೆ ಹೊಲವೋ, ಮಸಾರಿಯೋ?” ಎಂದು ಕೇಳುತ್ತಿದ್ದ. ಮೊಮ್ಮಗನ ಪ್ರಶ್ನಾವಳಿಯಲ್ಲಿ ಆ ಒಂದು ಪ್ರಶ್ನೆ ಹೇಗೋ ಬಿಟ್ಟುಹೋಗಿದೆ. ಅವರಿಗೆ ಯಂತ್ರದ ಆದ್ಯಂತವೂ ಗೊತ್ತು. ಆ ಯಂತ್ರ ಹೋಗಿ ಕುಳಿತುಕೊಳ್ಳಬೇಕಾದ ಮನೆಯ ವಿಷಯ ಮಾತ್ರ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಬೇಕೆಂದು ತೋರುವುದೂ ಇಲ್ಲ.

ಚನ್ನಗಿರಿಯಲ್ಲಿ ಸಹಕಾರ ಸಂಘವಾದ ತುಮ್ಕೋಸಿಗೆ ಅಡಿಕೆ ಹಾಕಿ ಹಣ ಕೈಗೆ ಬಂದ ವಾರ ತೋಟದ ಯಜಮಾನರೊಬ್ಬರು ದೊಡ್ಡ ಟಿವಿಯೊಂದನ್ನು ತರುವ ಸಂಕಲ್ಪದಿಂದ ಮೇಷ್ಟ್ರಲ್ಲಿಗೆ ಬಂದರೆನ್ನಿ. ಆಗ ಅಲ್ಲಿ ನಡೆಯುವುದು ಸಲಹೆಯಲ್ಲ, ಪ್ರವಚನ. ಅಂಗಡಿಯವನು ಎಲ್‌ಇಡಿ ಎಂದು ಮಾರುವುದು ವಾಸ್ತವವಾಗಿ ಎಲ್‌ಸಿಡಿ ಪರದೆಯೇ, ಅದರ ಬೆನ್ನಿಗೆ ಬೆಳಕಿಗಾಗಿ ಎಲ್‌ಇಡಿ ದೀಪಗಳನ್ನು ಜೋಡಿಸಿರುತ್ತಾರಷ್ಟೆ. ಕ್ಯೂಎಲ್‌ಇಡಿ ಎಂಬುದು ಅದೇ ಪರದೆಗೆ ಬಣ್ಣ ಹೆಚ್ಚಲೆಂದು ಕ್ವಾಂಟಂ ಡಾಟ್‌ನ ಪದರವನ್ನು ಸೇರಿಸಿದ್ದು. ಓಎಲ್‌ಇಡಿಯಲ್ಲಿ ಮಾತ್ರ ಒಂದೊಂದು ಬಿಂದುವೂ ತಾನೇ ಬೆಳಗಿ ತಾನೇ ಆರುವುದರಿಂದ ಅಲ್ಲಿ ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಫುಲ್ ಎಚ್‌ಡಿಯಲ್ಲಿ ಬಿಂದುಗಳು ಸುಮಾರು 20 ಲಕ್ಷ, 4ಕೆಯಲ್ಲಿ ಸುಮಾರು 83 ಲಕ್ಷ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲವೆಂಬುದೇ ಈ ಪ್ರಕರಣದ ದುರಂತ. ಯಜಮಾನರು ಎಲ್ಲವನ್ನೂ ಶ್ರದ್ಧೆಯಿಂದ ಆಲಿಸಿ, ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ವರ್ಗಾಯಿಸಿ, “ಅದೆಲ್ಲ ಸರಿ ಮೇಷ್ಟ್ರೇ, ನಮ್ಮನೇರ ಧಾರಾವಾಹಿ ಇದ್ರಲ್ಲಿ ಬರ್ತತೋ ಇಲ್ವೋ?” ಎಂದು ಕೇಳುತ್ತಾರೆ.

ಆ ಮನೆಯ ಪಡಸಾಲೆಯನ್ನು ನೋಡಿದವರು ಬಲ್ಲರು: ಯಜಮಾನರ ಆರಾಮಕುರ್ಚಿಗೂ ಟಿವಿ ಇಡುವ ಗೋಡೆಗೂ ನಡುವೆ ಹನ್ನೆರಡು ಅಡಿಗೆ ಕಡಮೆಯಿಲ್ಲ, ಹೆಬ್ಬಾಗಿಲು ಹಗಲೆಲ್ಲ ತೆರೆದೇ ಇದ್ದು ಅಂಗಳದ ಬಿಸಿಲು ನೇರವಾಗಿ ಪರದೆಯ ಮೇಲೆ ಬೀಳುತ್ತದೆ. ಅಷ್ಟು ದೂರದಿಂದ ಐವತ್ತೈದು ಇಂಚಿನ ಪರದೆಯ 20 ಲಕ್ಷ ಬಿಂದುವಿಗೂ 83 ಲಕ್ಷ ಬಿಂದುವಿಗೂ ಇರುವ ಭೇದವನ್ನು ಸಾಮಾನ್ಯ ದೃಷ್ಟಿಯ ಮನುಷ್ಯನ ಕಣ್ಣು ಕಾಣಲಾರದು. ಅಂಥ ಬಿಸಿಲಿನಲ್ಲಿ ಓಎಲ್‌ಇಡಿಯ ಕಡುಗಪ್ಪಿನಲ್ಲಿ ಯಜಮಾನರಿಗೆ ಕಾಣುವುದು ತಮ್ಮದೇ ಮುಖ. ಬೇಕಾದದ್ದು ಪ್ರಖರತೆ ಹೆಚ್ಚಾಗಿರುವ ಒಂದು ಸಾಧಾರಣ ಪರದೆ ಮತ್ತು ಬಾಗಿಲಿಗೊಂದು ಪರದೆ. ಈ ಎರಡನೆಯ ಪರದೆಗೆ ಕಾನ್ಫಿಗರೇಷನ್ ಇಲ್ಲವಾದ್ದರಿಂದ ಮೇಷ್ಟ್ರು ಅದನ್ನು ಎಂದೂ ಸೂಚಿಸುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಅವರು ಕೊಡುವ ಅಂತಿಮ ತೀರ್ಪು ಯಾವಾಗಲೂ ಒಂದೇ: “ಈಗ ಬ್ಯಾಡ್ರಿ, ಸ್ವಲ್ಪ ತಡೀರಿ.” ಯುಗಾದಿಗೆ ಕೇಳಿದರೆ ಆಯುಧಪೂಜೆಯ ತನಕ ತಡೆಯಬೇಕು, ಆಯುಧಪೂಜೆಗೆ ಕೇಳಿದರೆ ಹೊಸ ಮಾಡೆಲ್ ಬರುವ ತನಕ. ಈ ತಡೆಯುವ ಸಿದ್ಧಾಂತಕ್ಕೆ ಜೀವಮಾನದಲ್ಲಿ ಒಂದೇ ಒಂದು ಸಲ ಅಭೂತಪೂರ್ವವಾದ ಜಯ ದೊರೆಯಿತು. 2025ರ ಸೆಪ್ಟೆಂಬರ್ 22ರಂದು ಮೂವತ್ತೆರಡು ಇಂಚಿಗೆ ಮೇಲ್ಪಟ್ಟ ಟಿವಿಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಾಗ, ಅದಕ್ಕೂ ತಮಗೂ ದೆಹಲಿಯಲ್ಲಿ ಏನೋ ಸಂಬಂಧವಿದೆಯೆಂಬಂತೆ ಮೇಷ್ಟ್ರು ಒಂದು ವಾರ ಪೇಟೆಯಲ್ಲಿ ನಿಧಾನವಾಗಿ ಓಡಾಡಿದರು. ಪಾಪ, ಅದೇ ಧೈರ್ಯದಿಂದ ಲ್ಯಾಪ್‌ಟಾಪಿಗೆ ತಡೆದುಕೊಂಡ ವಿದ್ಯಾರ್ಥಿಗಳ ಗತಿ ಬೇರೆಯಾಯಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಕಬಳಿಸತೊಡಗಿ ಆ ವರ್ಷ ಮುಗಿಯುವುದರೊಳಗೆ ಜಗತ್ತಿನಲ್ಲೆಲ್ಲ ರ‍್ಯಾಮಿನ ಬೆಲೆ ಏರಿಹೋಯಿತು. “ಅವತ್ತೇ ತಗೋ ಅಂದಿದ್ನಲ್ಲೋ ತಮ್ಮಾ” ಎಂದು ಮೇಷ್ಟ್ರು ಹೇಳಿದಾಗ, ಅವರು ಹಾಗೆ ಅಂದಿರಲಿಲ್ಲವೆಂದು ನೆನಪಿಸುವ ಧೈರ್ಯ ಯಾವ ವಿದ್ಯಾರ್ಥಿಗೂ ಬರಲಿಲ್ಲ.

ಹೊನ್ನಾಳಿಯ ತಾಲ್ಲೂಕು ಕಚೇರಿಯ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಅರ್ಜಿ, ಬಾಂಡ್ ಪೇಪರು, ಲಗ್ನಪತ್ರಿಕೆಗಳನ್ನು ಟೈಪ್ ಮಾಡಿಕೊಡುವ ಗೃಹಸ್ಥನ ಮಾತು ಬೇರೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯ ಬೆಂಬಲ ಮುಗಿಯಿತು. ಅವನ ಹಳೆಯ ಯಂತ್ರವನ್ನು ವಿಂಡೋಸ್ 11 ಹತ್ತಿರಕ್ಕೂ ಸೇರಿಸಲೊಲ್ಲದು. ಮೇಷ್ಟ್ರು ಅವನಿಗೆ ಆಟವಾಡುವವರು ಕೊಳ್ಳುವ ಗ್ರಾಫಿಕ್ಸ್ ಕಾರ್ಡನ್ನೂ ಸೆಕೆಂಡಿಗೆ 144 ಬಾರಿ ಚಿತ್ರವನ್ನು ಬದಲಾಯಿಸಬಲ್ಲ ಮಾನಿಟರನ್ನೂ ವಿಧಿಸಿದರು. “ನನ್ನ ನುಡಿ ಅಕ್ಷರ ಒಂದು ಕಡೆ ಸುಮ್ನೆ ಕುಂತ್ರೆ ಸಾಕ್ರೀ, 144 ಸಲ ಯಾಕೆ ಕುಣೀಬೇಕು?” ಎಂದು ಅವನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಅವನು ಎಸ್‌ಎಸ್‌ಡಿಯೂ 8 ಜಿಬಿ ರ‍್ಯಾಮೂ ಇರುವ ಒಂದು ಸಾದಾ ಯಂತ್ರವನ್ನು ತಂದುಕೊಂಡು ಸುಖವಾಗಿದ್ದಾನೆ.

ನ್ಯಾಮತಿಯಲ್ಲಿ ಮೇಷ್ಟ್ರಿಗೆ ಸುಗ್ಗಿ ಒದಗಿದ್ದು ಕಳ್ಳರಿಂದ. 2024ರ ಅಕ್ಟೋಬರಿನಲ್ಲಿ ಅಲ್ಲಿಯ ಬ್ಯಾಂಕೊಂದಕ್ಕೆ ಕನ್ನ ಹಾಕಿ 17 ಕಿಲೋಗೂ ಮಿಕ್ಕ ಅಡವಿನ ಚಿನ್ನವನ್ನು ದೋಚಿದ ಖದೀಮರು, ಕ್ಯಾಮರಾ ಕಂಡದ್ದನ್ನೆಲ್ಲ ದಾಖಲು ಮಾಡಿಟ್ಟುಕೊಳ್ಳುವ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋದರು. ಮರುವರ್ಷ ಪೊಲೀಸರು ಜಾಡು ಹಿಡಿದು, ತಮಿಳುನಾಡಿನ ಬಾವಿಯೊಂದರಿಂದ ಚಿನ್ನದ ಬಹುಭಾಗವನ್ನು ಮೇಲೆತ್ತಿದ ಸಂಗತಿ ಪತ್ರಿಕೆ ಓದುವವರಿಗೆಲ್ಲ ತಿಳಿದೇ ಇದೆ. ಆ ದಿನಗಳಲ್ಲಿ ಬಳೆ ಅಂಗಡಿಯವರಿಂದ ಹಿಡಿದು ಬೆಲ್ಲದ ಮಂಡಿಯವರವರೆಗೆ ಎಲ್ಲರಿಗೂ ಕ್ಯಾಮರಾ ಬೇಕಾಯಿತು. ಮೇಷ್ಟ್ರು ಎರಡು ಮೆಗಾಪಿಕ್ಸೆಲ್ಲಿನಲ್ಲಿ ಕಳ್ಳನ ಮುಖ ಎಷ್ಟು ಕಾಣುತ್ತದೆ, ಐದರಲ್ಲಿ ಎಷ್ಟು, ಕತ್ತಲಿನಲ್ಲಿ ಬಣ್ಣ ತೋರಿಸುವ ಮಾಡೆಲ್ ಯಾವುದು ಎಂಬುದನ್ನು ವಿಸ್ತಾರವಾಗಿ ಬೋಧಿಸಿದರು. ಕಿರಾಣಿ ಅಂಗಡಿಯೊಂದರಲ್ಲಿ ಈ ಬೋಧನೆ ನಡೆಯುತ್ತಿದ್ದಾಗ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದ ಮುದುಕಿಯೊಬ್ಬಳು ತಲೆಯೆತ್ತಿ, “ಆ ಪೆಟ್ಟಿಗಿ ಎಲ್ಲಿಡ್ತೀಯಪ್ಪ? ಕಳ್ರು ಅದ್ನೇ ಹೊತ್ಕೊಂಡೋದ್ರಂತಲ್ಲ?” ಎಂದಳು. ಪ್ರವಚನ ಅಲ್ಲಿಗೆ ನಿಂತಿತು. ಪೆಟ್ಟಿಗೆಯನ್ನು ಒಳಮನೆಯ ಅಕ್ಕಿ ಡ್ರಮ್ಮಿನ ಹಿಂದೆ ಅಡಗಿಸಿಡಬೇಕೆಂದು ನಿಶ್ಚಯಿಸಿದವಳು ಅವಳೇ. ಭದ್ರತೆಯ ಶಾಸ್ತ್ರ ಓದಿದವರು ಇದಕ್ಕಿಂತ ಮೇಲಾದುದನ್ನು ಹೇಳಿಯಾರೆಂದು ನನಗೆ ತೋರುವುದಿಲ್ಲ.

ಮೇಷ್ಟ್ರ ಪ್ರತಿಭೆ ಸಂಪೂರ್ಣವಾಗಿ ಬೆಳಗುವುದು ಜಗಳೂರಿನಲ್ಲಿ, ವೈಫೈಯ ಪ್ರಸಂಗದಲ್ಲಿ. ಅಲ್ಲಿಯ ಹಳೆಯ ಮಾಳಿಗೆ ಮನೆಗಳು ಬಿಸಿಲನ್ನು ಒಳಗೆ ಬಿಡಬಾರದೆಂಬ ಏಕೈಕ ಉದ್ದೇಶದಿಂದ ಕಟ್ಟಿದಂಥವು. ಮೊಳದಷ್ಟು ದಪ್ಪದ ಮಣ್ಣಿನ ಗೋಡೆ ಬಿಸಿಲಿಗೆ ಹೇಗೋ ಹಾಗೆ ವೈಫೈಯ ಅಲೆಗಳಿಗೂ ದಾರಿ ಕೊಡುವುದಿಲ್ಲ. ಇಂಥ ಮನೆಯೊಂದರಲ್ಲಿ ಫೈಬರ್ ತಂತಿ ದೇವರ ಕೋಣೆಯ ಕಿಟಕಿಯಿಂದ ಒಳಗೆ ಬಂದಿತ್ತಾದ್ದರಿಂದ ರೌಟರೂ ಅಲ್ಲಿಯೇ, ಕಬ್ಬಿಣದ ಬೀರುವಿನ ಹಿಂದೆ, ನೆಲೆಗೊಂಡಿತ್ತು. ಆಯುಧಪೂಜೆಯಲ್ಲಿ ಅದಕ್ಕೆ ಅರಿಶಿನ ಕುಂಕುಮಗಳೂ ಸಂದಿದ್ದವು. ಹಬ್ಬಕ್ಕೆಂದು ಬಂದ ಬೆಂಗಳೂರಿನ ಸೊಸೆ ಮೂರನೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕಚೇರಿಯ ಮೀಟಿಂಗಿಗೆ ಕುಳಿತಳೆಂದರೆ, ಅವಳ ಮೇಲಧಿಕಾರಿಯ ಮುಖ ಅರ್ಧ ವಾಕ್ಯದಲ್ಲಿ ಬಾಯಿ ತೆರೆದುಕೊಂಡೇ ಸ್ಥಿರವಾಗಿಬಿಡುತ್ತಿತ್ತು.

ಮೇಷ್ಟ್ರನ್ನು ಕರೆಸಿದರು. ಅವರು ರೌಟರಿನ ಬೆನ್ನಿನ ಚೀಟಿಯನ್ನು ಕನ್ನಡಕ ಏರಿಸಿಕೊಂಡು ಓದಿ, ಇದು ವೈಫೈ 5, ಲೋಕವೆಲ್ಲ 7ಕ್ಕೆ ಹೋಗಿಯಾಗಿದೆ, ಎಂಟು ಆಂಟೆನಾದ್ದೊಂದು ತರಿಸಬೇಕು ಎಂದರು. ಹೊರಗಿನ ತಂತಿಯಲ್ಲಿ ಆ ಮನೆಗೆ ಬರುತ್ತಿದ್ದುದೇ ಸೆಕೆಂಡಿಗೆ 50 ಮೆಗಾಬಿಟ್. ಒಳಗಿನ ಪೆಟ್ಟಿಗೆ ಎಷ್ಟೇ ಶೂರನಾದರೂ ಹೊರಗಿನಿಂದ ಬಾರದುದನ್ನು ಹಂಚಲಾರದೆಂಬುದು ಅವರಿಗೆ ತಿಳಿಯದ್ದಲ್ಲ. 5 ಗಿಗಾಹರ್ಟ್ಸಿನ ಅಲೆ ವೇಗವಾದರೂ ಗೋಡೆಗೆ ಅಂಜುತ್ತದೆ, 2.4ರ ಅಲೆ ನಿಧಾನವಾದರೂ ಗೋಡೆಯನ್ನು ಒಂದಿಷ್ಟು ದಾಟುತ್ತದೆ ಎಂಬುದನ್ನೂ ಅವರೇ ವಿವರಿಸಿದರು. ಆದರೆ ಕಬ್ಬಿಣದ ಬೀರು ಎರಡನ್ನೂ ತಡೆದು ಹಿಂದಕ್ಕೆ ಕಳಿಸುತ್ತದೆಂಬುದು, ಅದೇ ಬೀರುವಿಗೆ ಒರಗಿ ನಿಂತು ಮಾತನಾಡುತ್ತಿದ್ದರೂ, ಅವರಿಗೆ ಹೊಳೆಯಲಿಲ್ಲ.

ಮಧ್ಯಾಹ್ನ ಬಾಕಿ ವಸೂಲಿಗೆಂದು ಕೇಬಲ್ ಹುಡುಗ ಬಂದ. ಹತ್ತು ಗಜದಷ್ಟು ತಂತಿಯನ್ನು ಎಳೆದು, ರೌಟರನ್ನು ಕುಂಕುಮಸಮೇತವಾಗಿ ಹೊರಗೆ ತಂದು, ಎಲ್ಲ ಕೋಣೆಗಳ ಬಾಗಿಲೂ ತೆರೆಯುವ ಪಡಸಾಲೆಯ ತೊಲೆಗೆ ಕಟ್ಟಿದ. ಕರೆಂಟು ಹೋದಾಗ ಇಂಟರ್‌ನೆಟ್ಟೂ ಹೋಗಬಾರದೆಂದಿದ್ದರೆ ಹನ್ನೆರಡು ವೋಲ್ಟಿನ ಚಿಕ್ಕ ಬ್ಯಾಟರಿ ಯುಪಿಎಸ್ ಒಂದನ್ನು ಸಿಕ್ಕಿಸಿಕೊಳ್ಳಿರೆಂದು ಹೇಳಿ, ಬಾಕಿಯನ್ನೂ ಒಂದು ಲೋಟ ಮಜ್ಜಿಗೆಯನ್ನೂ ಪಡೆದು ಹೊರಟುಹೋದ. ಮೇಲಧಿಕಾರಿಯ ವಾಕ್ಯ ಅಂದು ಸಂಜೆ ಪೂರ್ಣವಾಯಿತು. ಸೊಸೆಗೆ ಅದರಿಂದ ವಿಶೇಷ ಸಂತೋಷವಾದಂತೆ ಕಾಣಲಿಲ್ಲ. ಸುದ್ದಿ ಮುಟ್ಟಿದ ಮೇಷ್ಟ್ರು, “ಅದನ್ನೇ ನಾಳೆ ಹೇಳಾಣ ಅಂತಿದ್ದೆ” ಎಂದರು.

ಅವರ ಸ್ವಂತ ಮನೆಯ ವಿಚಾರವನ್ನು ಓದುಗರು ಊಹಿಸಿರಬಹುದು. ಸರಿಯಾದ ಮಾಡೆಲ್ ಇನ್ನೂ ಹುಟ್ಟಿಲ್ಲವಾದ ಕಾರಣ ಅಲ್ಲಿ ಬಹುಕಾಲ ಹಳೆಯ ಡಬ್ಬ ಟಿವಿಯೇ ಇತ್ತು. ಕಡೆಗೊಂದು ದಿನ ಪತ್ನಿಯವರು ದಾವಣಗೆರೆಗೆ ಸೀರೆ ತರಲು ಹೋದವರು, ಯಾರನ್ನೂ ಕೇಳದೆ, ಚಿತ್ರ ಚೆನ್ನಾಗಿ ಕಂಡದ್ದೊಂದನ್ನು ಕೊಂಡು ತಂದರು. ಅದು ಇವತ್ತಿಗೂ ನಡೆಯುತ್ತಿದೆ. ಅದರ ಕಾನ್ಫಿಗರೇಷನ್ನನ್ನು ಮೇಷ್ಟ್ರು ಯಾರಿಗೂ ಹೇಳುವುದಿಲ್ಲ.

ಹೀಗಿದ್ದೂ ಜನರು ಅವರ ಜಗಲಿಯನ್ನು ಏಕೆ ಬಿಡುವುದಿಲ್ಲ? ಆರಿಸಿಕೊಡಲೆಂದು ಅವರಲ್ಲಿಗೆ ಯಾರೂ ಹೋಗುವುದಿಲ್ಲವೆಂಬುದು ನನ್ನ ತಿಳಿವಳಿಕೆ. ಮನಸ್ಸಿನಲ್ಲಿ ಆರಿಸಿಕೊಂಡಾದ ಮೇಲೆ, ಅಷ್ಟು ದುಡ್ಡನ್ನು ಒಂದೇ ಏಟಿಗೆ ಎಣಿಸಿಕೊಡುವ ಅಪರಾಧದಲ್ಲಿ ಇನ್ನೊಬ್ಬರ ಪಾಲೂ ಇರಲಿ ಎಂದು ಹೋಗುತ್ತಾರೆ. ನಾಳೆ ಪರದೆಯ ಮೇಲೊಂದು ಗೆರೆ ಮೂಡಿದರೆ ಮನೆಯವರೆದುರಿಗೆ, “ಮೇಷ್ಟ್ರು ಹೇಳಿದ್ರು” ಎನ್ನಲು ಒಂದು ಹೆಸರು ಬೇಕಲ್ಲ. ಈಗಿನ ಹುಡುಗರು ಮೊಬೈಲಿನ ಎಐಯನ್ನೇ ಕೇಳಿಕೊಳ್ಳುತ್ತಾರೆ, ನಿಜ. ಆದರೆ ಕೊಂಡ ವಸ್ತು ಕೆಟ್ಟರೆ ಅದು ಮನೆಗೆ ಬಂದು ಬೈಸಿಕೊಂಡು ಕಾಫಿ ಕುಡಿದು ಹೋಗುವುದಿಲ್ಲ. ಮೇಷ್ಟ್ರು ಬರುತ್ತಾರೆ, ಬೈಸಿಕೊಳ್ಳುತ್ತಾರೆ. ಇಷ್ಟಕ್ಕೆಲ್ಲ ಒಂದು ಕಾಸನ್ನೂ ತೆಗೆದುಕೊಳ್ಳುವುದಿಲ್ಲ.

ಆದುದರಿಂದ ಈ ಹಬ್ಬಕ್ಕೆ ಏನನ್ನಾದರೂ ಕೊಳ್ಳಬೇಕೆಂದಿರುವವರು ಅವಶ್ಯವಾಗಿ ಅವರಲ್ಲಿಗೆ ಹೋಗಿ. ಹೋಗುವ ಮುನ್ನ ಕುರ್ಚಿಗೂ ಗೋಡೆಗೂ ಎಷ್ಟು ಅಡಿಯೆಂದು ಅಳೆದುಕೊಳ್ಳಿ, ರೌಟರಿಗೂ ನೀವು ಕೂರುವ ಕೋಣೆಗೂ ನಡುವೆ ಎಷ್ಟು ಗೋಡೆಯೆಂದು ಎಣಿಸಿಕೊಳ್ಳಿ, ನಿಮ್ಮ ಬೀದಿಯಲ್ಲಿ ಕರೆಂಟು ದಿನಕ್ಕೆ ಎಷ್ಟು ಹೊತ್ತು ಇರುವುದಿಲ್ಲವೆಂದು ಬರೆದುಕೊಳ್ಳಿ. ಅವರು ಕೇಳದಿದ್ದರೂ ನೀವೇ ಹೇಳಿ.