ಡಾಟ್ ಕಾಮಿಗೆ ಪಹಣಿ ಇಲ್ಲವಂತೆ

(ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲ್. ಗಲ್ಲಾದ ಹಿಂದೆ ಮಾವ, ಎದುರಿಗೆ ಬೆಂಗಳೂರಿನ ಸಾಫ್ಟ್‌ವೇರ್ ಅಳಿಯ.)

ಮಾವ: ಅಳಿಯಂದ್ರೇ, ದುಡ್ಡು ಕೊಟ್ಟು ಹೋಟೆಲ್ ವೆಬ್‌ಸೈಟಿಗೆ ಡಾಟ್ ಕಾಮ್ ಹೆಸರು ತಗೊಂಡೀನಿ. ಕ್ರಯಪತ್ರ ಎಲ್ಲೈತೆ?

ಅಳಿಯ: ಕ್ರಯ ಅಲ್ಲ ಮಾವ, ಬಾಡಿಗೆ ಥರ. ಒಂದು ಸಲಕ್ಕೆ ಹೆಚ್ಚೆಂದ್ರೆ 10 ವರ್ಷ.

ಮಾವ: ಓನರ್ ಯಾರು?

ಅಳಿಯ: ನಾವು ತಗೊಂಡಿದ್ದು ರಿಜಿಸ್ಟ್ರಾರ್ ಹತ್ರ. ಅವರ ಮೇಲೆ ಡಾಟ್ ಕಾಮ್ ಪಟ್ಟಿ ಇಟ್ಕೊಂಡಿರೋ ವೆರಿಸೈನ್. ಅದರ ಮೇಲೆ ಐಕ್ಯಾನ್.

ಮಾವ: ಅವರಾದ್ರೂ ಓನರ್ರಾ?

ಅಳಿಯ: ಅಲ್ಲ, ನಿಯಮ ಮಾಡೋರು.

ಮಾವ: ಅಂದ್ರೆ ಓನರ್ರೇ ಇಲ್ಲದ ಮನೆಗೆ ಮೂರು ಜನ ಬಾಡಿಗೆ ಹಂಚ್ಕೊಳ್ತಾರೆ!

(ಈ ಲೆಕ್ಕ ತಪ್ಪೆನ್ನುವ ಧೈರ್ಯ ನನಗಂತೂ ಇಲ್ಲ.)

ಮಾವ: ಹಾಳಾಗ್ಲಿ, ಬೇರೆ ಕಂಪನಿಗೆ ವರ್ಗ ಮಾಡ್ಸಿ.

ಅಳಿಯ: ಹೊಸದು ಸಾಮಾನ್ಯವಾಗಿ 60 ದಿನ ಕದಲಲ್ಲ. ಆಮೇಲೆ ಲಾಕ್ ತೆಗೆಸಿ ಗುಪ್ತ ಕೋಡ್ ತಗೋಬೇಕು. ಅದಕ್ಕೆ ನೋಂದಣಿಯ ಇಮೇಲ್ ಬೇಕಾಗಬಹುದು. ಯಾರ ಇಮೇಲ್ ಕೊಟ್ಟಿದ್ರಿ?

ಮಾವ: ವೆಬ್‌ಸೈಟ್ ಮಾಡಿದ ಹುಡುಗಂದು. ದುಬೈಗೆ ಹೋದ.

ಅಳಿಯ: ಯಾರ ಹೆಸರಲ್ಲಿ?

ಮಾವ: ಅದನ್ನೂ ಅವನೇ ತುಂಬಿದ.

ಅಳಿಯ: ಹಾಗಾದ್ರೆ ದಾಖಲೆ ಪ್ರಕಾರ ಡಾಟ್ ಕಾಮ್ ಅವನದೇ.

ಮಾವ: ದೋಸೆ?

ಅಳಿಯ: ಸದ್ಯಕ್ಕೆ ನಿಮ್ಮದು.

ಮಾವ: ಅವ ನವೀಕರಣ ಮಾಡ್ಸದಿದ್ರೆ?

ಅಳಿಯ: ಅವಧಿ ಮುಗಿದು ರದ್ದಾದ ಮೇಲೂ 30 ದಿನ ದಂಡ ಕಟ್ಟಿ ಬಿಡಿಸ್ಕೋಬಹುದು. ಆಮೇಲೆ 5 ದಿನ ಯಾರೂ ಮುಟ್ಟಂಗಿಲ್ಲ. ನಂತರ ಮೊದಲು ಬಂದವರಿಗೆ.

ಮಾವ: ಎದುರು ಹೋಟೆಲಿನವನಿಗೂ?

ಅಳಿಯ: ಅವನಿಗೂ. ಮುಗಿಯೋ ತಾರೀಖು ಯಾರು ಬೇಕಾದ್ರೂ ನೋಡಬಹುದು.

ಮಾವ: (ದನಿ ತಗ್ಗಿಸಿ) ಯಾರು ಬೇಕಾದ್ರೂನಾ? ಹಂಗಾದ್ರೆ ಅವಂದು ಯಾವಾಗ ಮುಗಿತೈತೆ, ಒಸಿ ನೋಡ್ರಿ... ಏ ಹುಡುಗಾ, ಅಳಿಯಂದ್ರಿಗೆ ಇನ್ನೊಂದು ಬೆಣ್ಣೆ ದೋಸೆ!