ಆಕಾಂಕ್ಷಿ ಅಣ್ಣ

ನಮ್ಮ ಏರಿಯಾದಲ್ಲಿ ಒಬ್ಬರು ಅಣ್ಣ ಇದ್ದಾರೆ. ಯಾರಿಗೆ ಅಣ್ಣ ಎಂದು ಕೇಳಬೇಡಿ. ಕಾಲೇಜು ಹುಡುಗರಿಗೂ ಅಣ್ಣ, ಹಲ್ಲುದುರಿದ ಹೂವಿನಂಗಡಿ ಅಜ್ಜಿಗೂ ಅಣ್ಣ. ಬೆಂಗಳೂರಿನಲ್ಲಿ ಕಾರ್ಪೊರೇಟರ್ ಆಗಲು ಎಷ್ಟೋ ವರ್ಷದಿಂದ ತುದಿಗಾಲಲ್ಲಿ ನಿಂತಿದ್ದಾರೆ. ಕಾಲು ಬಾತುಕೊಂಡಿದೆ, ಕುರ್ಚಿ ಮಾತ್ರ ಬಂದಿಲ್ಲ.

ತಪ್ಪು ಅವರದಲ್ಲ ಬಿಡಿ. ಬಿಬಿಎಂಪಿಗೆ ಕೊನೆಯ ಸಲ ಓಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ. ಆಗ ಗೆದ್ದವರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಐದು ವರ್ಷ ತುಂಬುವುದರೊಳಗೆ ಮತ್ತೆ ಚುನಾವಣೆ ಮುಗಿಸಿರಬೇಕು ಎನ್ನುತ್ತದೆ ಸಂವಿಧಾನದ 74ನೇ ತಿದ್ದುಪಡಿ. ಹೇಳುವುದು ಅದರ ಧರ್ಮ, ಕೇಳಿಸಿಕೊಳ್ಳದಿರುವುದು ಸರ್ಕಾರಗಳ ಧರ್ಮ. ಉಳಿದೆಲ್ಲಕ್ಕೂ ಕಚ್ಚಾಡುವ ಪಕ್ಷಗಳು ಈ ಒಂದು ಧರ್ಮವನ್ನು ಮಾತ್ರ ಸರದಿಯ ಮೇಲೆ ಪಾಲಿಸಿಕೊಂಡು ಬಂದಿವೆ. 2025 ಮುಗಿದಾಗಲೂ ಅಧಿಕಾರಿಗಳದೇ ದರ್ಬಾರು.

ಅಣ್ಣ ಕೆಲಸ ಶುರು ಮಾಡಿದಾಗ 198 ವಾರ್ಡು ಇದ್ದವು. ಗಣೇಶನಿಗೆ ಪೆಂಡಾಲು ಹಾಕಿಸಿ ಆರ್ಕೆಸ್ಟ್ರಾ ಕರೆಸಿದರು. ವರಮಹಾಲಕ್ಷ್ಮಿಗೆ ಅರಿಶಿನ ಕುಂಕುಮದ ಜೊತೆ ಸೀರೆ ಹಂಚಿದರು. ಓಂಶಕ್ತಿ ಮಾಲೆ ಹಾಕಿದ ಹೆಂಗಸರಿಗೆ ಮೇಲ್ಮರುವತ್ತೂರಿಗೆ ಬಸ್ಸು ಬಿಟ್ಟರು. ಅಷ್ಟರಲ್ಲಿ 2022 ಬಂತು, ವಾರ್ಡು 243 ಆಯಿತು. ಸೀರೆ ಉಟ್ಟವರೆಲ್ಲ ಮುಖ್ಯರಸ್ತೆಯ ಆಚೆ ವಾರ್ಡಿಗೆ ಹೋದರು, ಈಚೆ ಉಳಿದವರು ಸೀರೆ ಸಿಗದೆ ಮುನಿದವರು. ಹಿಂದೆಯೇ ಮೀಸಲಾತಿ ಪಟ್ಟಿ ಬಂತು, ನಮ್ಮದು ಮಹಿಳಾ ವಾರ್ಡು. ಅಲ್ಲಿಯವರೆಗೆ ತರಕಾರಿ ಗಾಡಿಯವನಿಗೂ ಮುಖ ಪರಿಚಯವಿರದಿದ್ದ ಅತ್ತಿಗೆ ರಾತ್ರೋರಾತ್ರಿ 'ಮಹಿಳೆಯರ ಕಣ್ಮಣಿ' ಆಗಿ ಫ್ಲೆಕ್ಸ್ ಮೇಲೆ ಕೈಮುಗಿದರು. ಚುನಾವಣೆ ಬರಲಿಲ್ಲ. ಅತ್ತಿಗೆ ನೆಮ್ಮದಿಯಿಂದ ಒಳಗೆ ಹೋಗಿ ಸೀರಿಯಲ್ ಹಾಕಿಕೊಂಡರು.

2023ರಲ್ಲಿ 243 ಇದ್ದದ್ದು 225ಕ್ಕೆ ಇಳಿಯಿತು. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಅದರ ಕೆಳಗೆ ಐದು ಪಾಲಿಕೆ, ಒಟ್ಟು 369 ವಾರ್ಡು. ಈಗ ಅಣ್ಣನ ಮನೆ ಒಂದು ವಾರ್ಡಿನಲ್ಲಿ, ಆಫೀಸು ಇನ್ನೊಂದರಲ್ಲಿ, ಗೋಪುರಕ್ಕೆ ದೇಣಿಗೆ ಕೊಟ್ಟ ಮಾರಮ್ಮನ ಗುಡಿ ಮತ್ತೊಂದರಲ್ಲಿ. ನಾಮಪತ್ರ ಹಾಕುವ ಮೊದಲೇ ಠೇವಣಿ ಕಳೆದುಕೊಂಡ ಅಭ್ಯರ್ಥಿಯನ್ನು ನಾನು ನೋಡಿದ್ದು ಇದೇ ಮೊದಲು.

ಆದರೂ ಫ್ಲೆಕ್ಸ್ ನಿಂತಿಲ್ಲ. 2018ರಲ್ಲಿ ಹೈಕೋರ್ಟ್ ಗದರಿ, ಪಾಲಿಕೆ ಫ್ಲೆಕ್ಸ್ ನಿಷೇಧಿಸಿದ್ದು ಅಣ್ಣನಿಗೆ ಗೊತ್ತಿಲ್ಲವೇ? ಗೊತ್ತು. ಕೇಳಿದರೆ, "ನಾನೆಲ್ಲಿ ಹಾಕ್ಸಿದೆ ಸಾರ್, ಹುಡುಗ್ರು ಪ್ರೀತಿಗೆ ಹಾಕ್ಕೊಂಡವ್ರೆ" ಎನ್ನುತ್ತಾರೆ. ಮೇಲೆ ದೊಡ್ಡ ನಾಯಕರು ಚಿಕ್ಕದಾಗಿ, ನಡುವೆ ಚಿಕ್ಕ ನಾಯಕರು ದೊಡ್ಡದಾಗಿ, ಅದೂ ಕಿವಿಗೆ ಫೋನು ಹಿಡಿದು. ಕೆಳಗೆ 'ಶುಭ ಕೋರುವವರು' ಎಂದು ಅಂಚೆಚೀಟಿ ಗಾತ್ರದ ಮುಖಗಳು. ಅದರಲ್ಲಿ ಎರಡು ಮುಖ ಹೋದ ತಿಂಗಳು ಎದುರು ಪಕ್ಷದವರ ಹುಟ್ಟುಹಬ್ಬಕ್ಕೂ ಶುಭ ಕೋರಿದ್ದವು.

ಅಣ್ಣನ ಭರವಸೆಗಳನ್ನು ಕೇಳಬೇಕು. ಒಂದು ದಿನ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದ ನಿವೃತ್ತ ಮೇಷ್ಟ್ರಿಗೆ, "ಗೆದ್ರೆ ದಿನಾ ಕಾವೇರಿ ನೀರು ಸಾರ್" ಎಂದರು.

"ನೀರು ಜಲಮಂಡಳಿಯದಲ್ಲವೇನಪ್ಪಾ?"

"ಹಂಗಾದ್ರೆ ಕರೆಂಟು ಹೋಗದಂಗೆ ನೋಡ್ಕೋತೀನಿ."

"ಅದು ಬೆಸ್ಕಾಂ."

"ಬಸ್ ಬಿಡಿಸ್ತೀನಿ."

"ಬಿಎಂಟಿಸಿ."

"ಕಸ?"

"ಅದಕ್ಕೂ ಬೇರೆ ಕಂಪನಿ ಮಾಡಿದ್ದಾರೆ."

ಅಣ್ಣ ಸ್ವಲ್ಪ ಹೊತ್ತು ಯೋಚಿಸಿ, "ಮೋರಿ ಸಾರ್, ಮೋರಿ ನಮ್ದೇ" ಎಂದರು. ಮೇಷ್ಟ್ರು ಒಪ್ಪಿಕೊಂಡರು.

ನಗಬೇಡಿ, ಮೋರಿಯ ವಿಷಯದಲ್ಲಿ ಅಣ್ಣ ನಿಜಕ್ಕೂ ಗಟ್ಟಿಗರು. ಹೋದ ಮಳೆಗಾಲದಲ್ಲಿ ನಮ್ಮ ಬೀದಿಗೆ ಕೊಳಚೆ ನೀರು ನುಗ್ಗಿದಾಗ ಸಹಾಯವಾಣಿ ನಮಗೆ ದೂರಿನ ಸಂಖ್ಯೆ ಕೊಟ್ಟಿತು, ಅಣ್ಣ ಜೆಸಿಬಿ ಕೊಟ್ಟರು. ಲುಂಗಿ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿನಲ್ಲಿ ತಾವೇ ನಿಂತಿದ್ದರು. ಫೋಟೊ ತೆಗೆಯುವ ಹುಡುಗನೂ ಪಕ್ಕದಲ್ಲೇ ಇದ್ದ, ಇರಲಿ. ಹೂಳು ಎತ್ತಿದ್ದಂತೂ ನಿಜ. ಇಷ್ಟು ಸೇವೆ ಗೆದ್ದವರಿಂದ ಕಂಡಿದ್ದೇವೆಯೇ? ಗೆದ್ದವರ ಕಾರಿಗೆ ಮೊದಲು ಬರುವುದೇ ಏರಿಸಿದ ಗಾಜು. ಹಾಗಾಗಿ ನನ್ನ ಸ್ವಾರ್ಥದ ಬುದ್ಧಿಗೆ ಒಮ್ಮೊಮ್ಮೆ ಅನ್ನಿಸುವುದುಂಟು: ಚುನಾವಣೆ ನಾಳೆ ಬರುತ್ತದೆ ಎಂಬ ಆಸೆ ಅಣ್ಣನಿಗೆ ಇರಲಿ, ಚುನಾವಣೆ ಮಾತ್ರ ಬಾರದಿರಲಿ.

ಲೆಕ್ಕ ಹಾಕಿದರೆ ಈ ಆಸೆ ನಮಗೇ ದುಬಾರಿ. ಪೆಂಡಾಲು, ಸೀರೆ, ಬಸ್ಸು, ಜೆಸಿಬಿ ಎಲ್ಲದರ ಲೆಕ್ಕವೂ ಅಣ್ಣನ ಡೈರಿಯಲ್ಲಿದೆ. ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ, ಕೊನೆಗೆ ಆ ಬಡ್ಡಿ ತೀರುವುದು ನಮ್ಮ ರಸ್ತೆಯ ಡಾಂಬರಿನ ದಪ್ಪದಲ್ಲಿ. ಇನ್ನೊಂದು ತೊಂದರೆಯೂ ಇದೆ. ಕಾರ್ಪೊರೇಟರ್ ಎಂಥವನೇ ಆಗಲಿ, ದರ್ಶಿನಿಯಲ್ಲಿ ಇಡ್ಲಿ ತಿನ್ನುವಾಗ ಅಡ್ಡಗಟ್ಟಿ ಬೈಯಬಹುದು, ಮುಂದಿನ ಸಲ ಸೋಲಿಸಲೂಬಹುದು. ಅಧಿಕಾರಿಯನ್ನು ಯಾವ ದರ್ಶಿನಿಯಲ್ಲಿ ಹುಡುಕುವುದು?

ಅಂದಹಾಗೆ, 2015ರಲ್ಲಿ ಮತಗಟ್ಟೆಗೆ ಹೋದವರು ಬೆಂಗಳೂರಿನ ಮತದಾರರಲ್ಲಿ ಸುಮಾರು ಅರ್ಧ ಮಾತ್ರ. ಮೇಷ್ಟ್ರು ಆ ಅರ್ಧಕ್ಕೆ ಸೇರಿದವರು, ನೀವು ಯಾವ ಅರ್ಧವೋ ಕಾಣೆ. 369ರಲ್ಲಿ ನಿಮ್ಮ ಮನೆ ಯಾವ ವಾರ್ಡಿಗೆ ಬಿದ್ದಿದೆ, ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಉಳಿದಿದೆಯೇ, ಇವತ್ತೇ ನೋಡಿಕೊಳ್ಳಿ. ಅಣ್ಣ ಆಗಲೇ ನೋಡಿಕೊಂಡಾಗಿದೆ.