ಎರಡು ಬಾಲಗಳ ಸಿದ್ಧಾಂತ

ಇನ್ನು ಬಾಲದ ಜಿಜ್ಞಾಸೆ.

ಶಾಸ್ತ್ರಗ್ರಂಥಕ್ಕೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳು ಇರಲೇಬೇಕೆಂದು ಹಿರಿಯರು ವಿಧಿಸಿರುವುದರಿಂದ ಮೊದಲು ಆ ಬಾಕಿ ತೀರಿಸುತ್ತೇವೆ. ವಿಷಯ: ಯುರೋಪಿನ ರಾಜಕೀಯ ಪಕ್ಷಗಳ ಪೈಪೋಟಿ. ಪ್ರಯೋಜನ: ಗ್ರಂಥಕರ್ತನಿಗೆ ಬಡ್ತಿ. ಸಂಬಂಧ: ಬೆಕ್ಕು. ಇನ್ನು ಇದನ್ನು ಓದಲು ಅಧಿಕಾರಿ ಯಾರೆಂದರೆ, ಒಂದೇ ಮನೆಯ ಅಣ್ಣ ಒಂದು ಪಕ್ಷದ ಟಿಕೆಟ್ಟನ್ನೂ ತಮ್ಮ ಇನ್ನೊಂದು ಪಕ್ಷದ ಟಿಕೆಟ್ಟನ್ನೂ ಜೇಬಿನಲ್ಲಿಟ್ಟುಕೊಂಡು ಒಂದೇ ಪಂಕ್ತಿಯಲ್ಲಿ ಉಂಡೆದ್ದರೂ ಬೆರಗಾಗದವನು. ಅಂದರೆ ಕರ್ನಾಟಕದ ಯಾವ ಮತದಾರನಾದರೂ ಆದೀತು.

ಐರ್ಲೆಂಡಿನ ಆಗ್ನೇಯದಲ್ಲಿ, ನೋರ್ ನದಿಯ ದಂಡೆಯ ಮೇಲೆ ಕಿಲ್ಕೆನ್ನಿ ಎಂಬ ಪಟ್ಟಣವಿದೆ. ಅದಕ್ಕೊಂದು ಕೋಟೆ, ಕರಿಯ ಅಮೃತಶಿಲೆಯ ಹೆಸರು, 1710ರಷ್ಟು ಹಳೆಯ ಬಿಯರಿನ ಖ್ಯಾತಿ, ಎಲ್ಲವೂ ಉಂಟು. ಆದರೆ ಇಂಗ್ಲಿಷ್ ಬಲ್ಲ ಲೋಕಕ್ಕೆ ಆ ಊರು ಗೊತ್ತಿರುವುದು ಎರಡು ಬೆಕ್ಕುಗಳಿಂದ. ಜಗಳಕ್ಕೆ ಬಿದ್ದು ಒಂದನ್ನೊಂದು ತಿಂದು ಮುಗಿಸಿ, ಕೊನೆಗೆ ಎರಡು ಬಾಲಗಳನ್ನಷ್ಟೇ ಉಳಿಸಿದ ಬೆಕ್ಕುಗಳವು. ಊರಿನವರಿಗೆ ಇದರಿಂದ ಮುಜುಗರವೇನಿಲ್ಲ. ಕಪ್ಪು-ಹಳದಿ ಅಂಗಿ ತೊಟ್ಟು ಹರ್ಲಿಂಗ್ ಆಡುವ ಅವರ ಜಿಲ್ಲಾ ತಂಡವನ್ನು 'ಕ್ಯಾಟ್ಸ್' ಎಂದೇ ಕರೆಯುತ್ತಾರೆ. ಅದು ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನು 36 ಸಲ ಹೊತ್ತು ತಂದಿದೆ.

ಈ ಬೆಕ್ಕುಪುರಾಣಕ್ಕೆ ಪಾಠಾಂತರಗಳಿವೆ. ಒಂದು ಪಾಠದ ಪ್ರಕಾರ ಅವು ಬೆಕ್ಕುಗಳೇ ಅಲ್ಲ, ಎರಡು ಪುರಸಭೆಗಳು. ಸಣ್ಣ ತೊರೆಯೊಂದರ ಆಚೆ ಐರಿಷ್‌ಟೌನ್, ಈಚೆ ಇಂಗ್ಲಿಷ್ ವಲಸಿಗರ ಹೈಟೌನ್. ಶತಮಾನಗಟ್ಟಲೆ ಎರಡಕ್ಕೂ ಬೇರೆ ಬೇರೆ ಆಡಳಿತ. ಎಲ್ಲೆ, ಸುಂಕ ಎಂದು ಕಚ್ಚಾಡಿ ಎರಡೂ ಬರಿಗೈಯಾದವಂತೆ. ಈ ಪಾಠಕ್ಕೆ ಹಿನ್ನೆಲೆಯಾಗಿ 1366ರ ಕಿಲ್ಕೆನ್ನಿ ಶಾಸನಗಳನ್ನು ನೋಡಬಹುದು. ವಲಸೆ ಬಂದ ಇಂಗ್ಲಿಷರು ಐರಿಷ್ ಮಾತನಾಡಕೂಡದು, ಐರಿಷರಲ್ಲಿ ಹೆಣ್ಣು-ಗಂಡು ತರಕೂಡದು, ಹರ್ಲಿಂಗ್ ಆಡಕೂಡದು ಎಂದು ಅಲ್ಲಿ ಕಟ್ಟಪ್ಪಣೆಯಿದೆ. ಇಂಗ್ಲಿಷ್‌ತನವನ್ನು ಉಳಿಸಲು ಹೊರಟ ಈ ಕಾನೂನನ್ನು ಬರೆದದ್ದು ನಾರ್ಮನ್ ಫ್ರೆಂಚಿನಲ್ಲಿ. ಹರ್ಲಿಂಗ್ ನಿಷೇಧದ ಫಲಿತಾಂಶ ಮೇಲೆ ಹೇಳಿದ 36 ಪ್ರಶಸ್ತಿಗಳು.

ನಮ್ಮ ಸಿದ್ಧಾಂತ ನಿಂತಿರುವುದು ಎರಡನೆಯ ಪಾಠದ ಮೇಲೆ. 1798ರ ದಂಗೆಯ ಕಾಲ. ಕಿಲ್ಕೆನ್ನಿಯಲ್ಲಿ ಬೀಡುಬಿಟ್ಟ ಜರ್ಮನ್ ಸಿಪಾಯಿಗಳಿಗೆ ಹೊತ್ತು ಹೋಗುತ್ತಿಲ್ಲ. ಎರಡು ಬೆಕ್ಕುಗಳ ಬಾಲಕ್ಕೆ ಗಂಟು ಹಾಕಿ ಹಗ್ಗದ ಮೇಲೆ ನೇತುಹಾಕಿ ಮಜಾ ನೋಡುತ್ತಿದ್ದರು. ಮೇಲಧಿಕಾರಿ ಬರುವ ಸಪ್ಪಳ ಕೇಳಿತು. ಒಬ್ಬ ಸಿಪಾಯಿ ಕತ್ತಿ ಬೀಸಿ ಬಾಲಗಳನ್ನು ಕತ್ತರಿಸಿದ, ಬೆಕ್ಕುಗಳು ಗೋಡೆ ಹಾರಿ ಪರಾರಿ. ಇದೇನಿದು ಎರಡು ಬಾಲ ಎಂದು ಅಧಿಕಾರಿ ಕೇಳಿದ್ದಕ್ಕೆ, ಸ್ವಾಮೀ, ಎರಡೂ ಒಂದನ್ನೊಂದು ತಿಂದುಬಿಟ್ಟವು ಎಂದು ಉತ್ತರ ಬಂತು. ಅಧಿಕಾರಿ ಒಪ್ಪಿಕೊಂಡ.

ಈ ಅಧಿಕಾರಿಯನ್ನು ಯುರೋಪಿನ ಮೊದಲ ರಾಜ್ಯಶಾಸ್ತ್ರಜ್ಞ ಎಂದು ನಾವು ಘೋಷಿಸುತ್ತೇವೆ. ಘಟನೆ ಮುಗಿದ ಮೇಲೆ ಬಂದ. ಉಳಿದದ್ದನ್ನು ದತ್ತಾಂಶವೆಂದು ಎತ್ತಿಕೊಂಡ. ಹತ್ತಿರ ನಿಂತವನು ಹೇಳಿದ್ದನ್ನು ಕಾರಣವೆಂದು ಬರೆದುಕೊಂಡ. ಗೋಡೆಯಾಚೆ ಮಾತ್ರ ಇಣುಕಿ ನೋಡಲಿಲ್ಲ. (ವಿಧಾನದ ಬಗ್ಗೆ ತಕರಾರಿದ್ದವರಿಗೆ ಒಂದು ಮಾತು: 2010ರಿಂದ ಇದೇ ಊರಿನಲ್ಲಿ 'ಕಿಲ್ಕೆನಾಮಿಕ್ಸ್' ಎಂಬ ಉತ್ಸವ ನಡೆಯುತ್ತಿದೆ. ಅರ್ಥಶಾಸ್ತ್ರಜ್ಞರನ್ನೂ ಹಾಸ್ಯಗಾರರನ್ನೂ ಒಂದೇ ವೇದಿಕೆಗೆ ಹತ್ತಿಸುತ್ತಾರೆ. ನಾವು ವೇದಿಕೆಯ ಖರ್ಚು ಉಳಿಸಿದ್ದೇವೆ.)

ಈಗ ಪೂರ್ವಪಕ್ಷ. ಎಷ್ಟು ಪಕ್ಷಗಳು ಬದುಕುತ್ತವೆಂಬುದನ್ನು ಚುನಾವಣೆಯ ಪದ್ಧತಿ ತೀರ್ಮಾನಿಸುತ್ತದೆ ಎಂದು ರಾಜ್ಯಶಾಸ್ತ್ರಜ್ಞ ಡುವರ್ಜೆ 1951ರಲ್ಲಿ ಹೇಳಿದ. ಹಾಗಲ್ಲ, ಮಾಲೀಕ-ಕೂಲಿ, ಚರ್ಚು-ರಾಜ್ಯ, ಊರು-ಹಳ್ಳಿ ಎಂಬ ಸಮಾಜದ ಬಿರುಕುಗಳ ಮೇಲೆ ಪಕ್ಷಗಳು ಬೇರುಬಿಟ್ಟು ಹೆಪ್ಪುಗಟ್ಟಿವೆ ಎಂದು ಲಿಪ್ಸೆಟ್ ಮತ್ತು ರೋಕನ್ 1967ರಲ್ಲಿ ಹೇಳಿದರು. ಯುರೋಪಿನ ಬಹುತೇಕ ದೇಶಗಳಿಗೆ ಈ ಅಂಗಿ ಹೊಂದಿತು. ಐರ್ಲೆಂಡಿಗೆ ತೋಳೇ ತೂರಲಿಲ್ಲ. ಅಲ್ಲಿನ ಎರಡು ದೊಡ್ಡ ಪಕ್ಷಗಳಾದ ಫಿಯನ್ನಾ ಫಾಯಿಲ್ ಮತ್ತು ಫಿನೆ ಗೇಲ್‌ಗಳಿಗೆ ಓಟು ಹಾಕುವ ರೈತರೂ ಅಂಗಡಿಯವರೂ ಒಂದೇ ಚರ್ಚಿಗೆ ಹೋಗಿ ಒಂದೇ ಪಬ್ಬಿನಲ್ಲಿ ಕುಡಿದರು. ವ್ಯತ್ಯಾಸ ಏನೆಂದು ಕೇಳಿದರೆ ಅಜ್ಜನ ಹೆಸರು ಹೇಳಿದರು.

ಅಜ್ಜನ ಕತೆ ಕಿಲ್ಕೆನ್ನಿಯಿಂದಲೇ ಆರಂಭ. 1917ರ ಆಗಸ್ಟಿನಲ್ಲಿ ಕಿಲ್ಕೆನ್ನಿ ನಗರದ ಉಪಚುನಾವಣೆಗೆ ಶಿನ್ ಫೇನ್ ಪಕ್ಷದಿಂದ ನಿಂತ ಡಬ್ಲ್ಯು. ಟಿ. ಕಾಸ್ಗ್ರೇವ್ 772 ಮತ ಪಡೆದು, 392 ಪಡೆದ ಎದುರಾಳಿಯನ್ನು ಸೋಲಿಸಿದ. ಅದಕ್ಕೆ ಒಂದು ತಿಂಗಳು ಮುಂಚೆ ಪೂರ್ವ ಕ್ಲೇರ್‌ನಲ್ಲಿ ಅದೇ ಪಕ್ಷದಿಂದ ಗೆದ್ದವನು ಏಮನ್ ಡಿ ವಲೆರಾ. ಒಂದೇ ಬುಟ್ಟಿಯ ಮರಿಗಳು. ಬ್ರಿಟನ್ನಿನ ಜೊತೆ 1921ರ ಡಿಸೆಂಬರಿನಲ್ಲಿ ಆದ ಒಪ್ಪಂದವನ್ನು ಡಾಲ್ ಎಂಬ ಅವರ ಸಂಸತ್ತು 1922ರ ಜನವರಿಯಲ್ಲಿ 64-57 ಮತಗಳಿಂದ ಅಂಗೀಕರಿಸಿದಾಗ ಕಾಸ್ಗ್ರೇವ್ ಒಪ್ಪಂದದ ಕಡೆ, ಡಿ ವಲೆರಾ ವಿರೋಧಿಗಳ ಕಡೆ. ಮೇ ತಿಂಗಳ ಹೊತ್ತಿಗೆ ಒಪ್ಪಂದ ವಿರೋಧಿಗಳು ಕಿಲ್ಕೆನ್ನಿಯ ಕೋಟೆ ಹೊಕ್ಕಿದ್ದರು, ಸರ್ಕಾರದ ಸೈನಿಕರು ಅದನ್ನು ಮುತ್ತಿದ್ದರು. ಮುಂದಿನ ಅಂತರ್ಯುದ್ಧದಲ್ಲಿ ಸರ್ಕಾರ ವಿಧಿಪೂರ್ವಕವಾಗಿ ಗುಂಡಿಕ್ಕಿದ 77 ಮಂದಿಯ ಲೆಕ್ಕ ಮನೆಮನೆಯಲ್ಲಿ ಬಾಯಿಪಾಠವಾಯಿತು. ಈ ಭಾಗದಲ್ಲಿ ಅಣಕಕ್ಕೆ ಎಡೆಯಿಲ್ಲ. ಡಿ ವಲೆರಾ 1926ರಲ್ಲಿ ಫಿಯನ್ನಾ ಫಾಯಿಲ್ ಕಟ್ಟಿದ. ಕಾಸ್ಗ್ರೇವ್‌ನ ಪಕ್ಷ 1933ರಲ್ಲಿ ಬೇರೆ ಗುಂಪುಗಳೊಡನೆ ಬೆರೆತು ಫಿನೆ ಗೇಲ್ ಆಯಿತು. ನಡುವೆ, ಸರ್ಕಾರ ನಡೆಸುತ್ತಿದ್ದು 1932ರಲ್ಲಿ ಚುನಾವಣೆ ಸೋತ ಕಾಸ್ಗ್ರೇವ್, ಯುದ್ಧದಲ್ಲಿ ತಾನು ಸೋಲಿಸಿದವನಿಗೇ ಖುರ್ಚಿ ಬಿಟ್ಟುಕೊಟ್ಟು ಎದ್ದುಹೋದ. ಮರುವರ್ಷ ಜರ್ಮನಿಯಲ್ಲಿ ಖುರ್ಚಿ ಹತ್ತಿದವನು ಇಳಿಯಲೇ ಇಲ್ಲ. ಯುರೋಪಿನ ಪ್ರಜಾಪ್ರಭುತ್ವದ ಚರಿತ್ರೆ ಬರೆಯುವವರು ಈ ಎದ್ದುಹೋದ ಪ್ರಸಂಗಕ್ಕೆ ಒಂದು ಪುಟವಾದರೂ ಹೆಚ್ಚು ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಗಂಭೀರವಾಗಿಯೇ ಹೇಳುತ್ತಿದ್ದೇವೆ.

ಇನ್ನು ಹಗ್ಗದ ವರ್ಣನೆ. ಬೆಕ್ಕುಗಳನ್ನು ನೇತುಹಾಕಿರುವ ಹಗ್ಗಕ್ಕೆ ಏಕ ವರ್ಗಾವಣೀಯ ಮತ ಎಂದು ಹೆಸರು. ನಮ್ಮ ನೈರುತ್ಯ ಪದವೀಧರ ಕ್ಷೇತ್ರದಲ್ಲಿ ನೇರಳೆ ಸ್ಕೆಚ್ ಪೆನ್ ಹಿಡಿದು 1, 2, 3 ಎಂದು ಬರೆದವರಿಗೆ ಇದರ ರುಚಿ ಗೊತ್ತು. ಐರ್ಲೆಂಡಿನಲ್ಲಿ ಇಡೀ ದೇಶವೇ ಹೀಗೆ ಬರೆಯುತ್ತದೆ. ಕಾರ್ಲೋ-ಕಿಲ್ಕೆನ್ನಿ ಎಂಬ ಜೋಡಿ ಜಿಲ್ಲೆಯ ಕ್ಷೇತ್ರಕ್ಕೆ ಐದು ಸ್ಥಾನ; ದೊಡ್ಡ ಪಕ್ಷಗಳು ಒಂದಕ್ಕಿಂತ ಹೆಚ್ಚು ಮಂದಿಯನ್ನು ಇಳಿಸುತ್ತವೆ. ಹೀಗಾಗಿ ಅಭ್ಯರ್ಥಿಗೆ ಎದುರು ಪಕ್ಷದವನ ಭಯವಿಲ್ಲ. ಅವನ ಮತ ಅವನಿಗೆ, ಇವನ ಮತ ಇವನಿಗೆ. ನಿದ್ದೆಗೆಡಿಸುವವನು ಸ್ವಂತ ಪಕ್ಷದ ಎರಡನೆಯ ಅಭ್ಯರ್ಥಿ. ಈ ರಸ್ತೆಯ ಆಚೆ ನೀನು, ಈಚೆ ನಾನು ಎಂದು ಪಕ್ಷ ಗೆರೆ ಎಳೆದುಕೊಡುತ್ತದೆ. ರಾತ್ರಿ ಗೆರೆ ದಾಟಿದವನ ಮೇಲೆ ಬೆಳಿಗ್ಗೆ ದೂರು. ಈ ಹಗ್ಗವನ್ನೇ ಬಿಚ್ಚಿಬಿಡೋಣವೆಂದು ಫಿಯನ್ನಾ ಫಾಯಿಲ್ 1959 ಮತ್ತು 1968ರಲ್ಲಿ ಎರಡು ಜನಮತಗಣನೆ ಮಾಡಿಸಿತು. ಮತದಾರ ಎರಡು ಸಲವೂ ಒಲ್ಲೆ ಎಂದ. ಮಜಾ ನೋಡುವುದು ಅವನ ಹಕ್ಕು.

ಎಣಿಕೆ ಕೈಯಲ್ಲೇ, ದಿನಗಟ್ಟಲೆ. ಬೆಂಗಳೂರಿನ ಬಿಇಎಲ್ ಮಾಡಿದ ಯಂತ್ರದ ಗುಂಡಿ ಒತ್ತಿ ಮಧ್ಯಾಹ್ನದ ಊಟದೊಳಗೆ ಫಲಿತಾಂಶ ಮುಗಿಸುವ ನಮಗೆ ಇದು ಹಿಂದುಳಿದ ನಾಡಿನಂತೆ ಕಂಡೀತು. ಅವರೂ 5 ಕೋಟಿ ಯೂರೊಗೂ ಹೆಚ್ಚು ಸುರಿದು ಯಂತ್ರ ಕೊಂಡಿದ್ದರು. ನಂಬಿಕೆ ಬರದೆ 2012ರಲ್ಲಿ ಸುಮಾರು 70 ಸಾವಿರ ಯೂರೊಗೆ ಗುಜರಿಗೆ ಹಾಕಿದರು. 2015ರಲ್ಲಿ ಕಾರ್ಲೋ-ಕಿಲ್ಕೆನ್ನಿ ಉಪಚುನಾವಣೆಯ ಎಣಿಕೆ ನಡೆದದ್ದು ಕಿಲ್ಕೆನ್ನಿಯ ಜಾನುವಾರು ಸಂತೆಯ ತಾಣವಾದ ಸಿಲಿನ್ ಹಿಲ್‌ನಲ್ಲಿ. ಸ್ಥಳದ ಆಯ್ಕೆಯ ಬಗ್ಗೆ ನಾವೇನೂ ಹೇಳುವುದಿಲ್ಲ. ಆದರೆ ಅಲ್ಲಿ ಟ್ಯಾಲಿಮನ್ ಎಂಬ ಪ್ರಾಣಿಯನ್ನು ನೋಡಬೇಕು. ಎಲ್ಲ ಪಕ್ಷಗಳ ಕಾರ್ಯಕರ್ತರೂ ಬೇಲಿಗೆ ಆತುಕೊಂಡು, ಬಿಚ್ಚುವ ಪ್ರತಿ ಮತಪತ್ರವನ್ನು ಇಣುಕಿ ಗೀಟು ಹಾಕಿಕೊಳ್ಳುತ್ತಾರೆ. ಎಲ್ಲ ಪೆಟ್ಟಿಗೆಗಳನ್ನು ಒಬ್ಬರೇ ನೋಡಲಾಗದಲ್ಲ, ನಿನ್ನೆಯವರೆಗೆ ಬಾಗಿಲು ಬಾಗಿಲಿಗೆ ಹೋಗಿ ಬೈದುಕೊಂಡವರು ಲೆಕ್ಕವನ್ನು ಕೈಬದಲು ಮಾಡಿಕೊಳ್ಳುತ್ತಾರೆ. ಮೇಲೆ ಜಗಳ, ಒಳಗೆ ಪಾಲುದಾರಿಕೆ. ರಿಚರ್ಡ್ ಕಾಟ್ಜ್ ಮತ್ತು ಸ್ಲೈಗೊ ಜಿಲ್ಲೆಯ ಪೀಟರ್ ಮೇರ್ 1995ರಲ್ಲಿ ಮಂಡಿಸಿದ 'ಕಾರ್ಟೆಲ್ ಪಕ್ಷ' ವಾದ ಇದಕ್ಕಿಂತ ಬಹಳ ದೂರವೇನಿಲ್ಲ: ಎದುರಾಳಿ ಪಕ್ಷಗಳು ಸರ್ಕಾರದ ಬೊಕ್ಕಸಕ್ಕೆ ಆತುಕೊಂಡು, ಸೋತವನೂ ಉಪವಾಸ ಬೀಳದಂತೆ ನೋಡಿಕೊಳ್ಳುತ್ತವೆ. ನಮ್ಮ ಅಣಕಕ್ಕೆ ಮೇರ್ ಸಿಕ್ಕುವುದಿಲ್ಲ. ಗೋಡೆಯಾಚೆ ಇಣುಕಿದ ಕೆಲವರಲ್ಲಿ ಅವರೂ ಒಬ್ಬರು.

ಈಗ ಅಳತೆ. 1982ರ ನವೆಂಬರಿನಲ್ಲಿ ಎರಡೂ ಪಕ್ಷಗಳು ಸೇರಿ ಪಡೆದ ಮತ ಶೇ. 84ಕ್ಕೂ ಹೆಚ್ಚು. 2020ರಲ್ಲಿ ಶೇ. 43, 2024ರಲ್ಲಿ ಅದಕ್ಕೂ ಒಂದು ಚೂರು ಕಡಿಮೆ. ಅರ್ಧ ಬೆಕ್ಕು ಹೋಯಿತು. ಆ ಅಧಿಕಾರಿಯ ಪರಂಪರೆಯ ಪಂಡಿತರು ಬಾಲ ಎತ್ತಿ ತೋರಿಸಿ, ಹಳೆಯ ಪಕ್ಷಗಳ ಕಾಲ ಮುಗಿಯಿತೆಂದು ಶ್ರದ್ಧಾಂಜಲಿ ಬರೆದರು. ನಾವು ಗೋಡೆ ಹತ್ತಿ ನೋಡಿದೆವು. 2016ರಿಂದ ಫಿಯನ್ನಾ ಫಾಯಿಲ್ ವಿರೋಧ ಪಕ್ಷದಲ್ಲಿ ಕೂತೇ ಫಿನೆ ಗೇಲ್ ಸರ್ಕಾರ ಬೀಳದಂತೆ ಹಿಡಿದುಕೊಂಡಿತ್ತು. 2020ರ ಜೂನ್ 27ರಂದು ಹಸಿರು ಪಕ್ಷವನ್ನೂ ಸೇರಿಸಿಕೊಂಡು ಎರಡೂ ಒಂದೇ ಸಂಪುಟದಲ್ಲಿ ಕೂತವು. ಮೊದಲು ಫಿಯನ್ನಾ ಫಾಯಿಲ್‌ನ ಮಿಹಾಲ್ ಮಾರ್ಟಿನ್ ಪ್ರಧಾನಿ, ಆಮೇಲೆ ಫಿನೆ ಗೇಲ್‌ನ ಲಿಯೋ ವರಾಡ್ಕರ್.

ಇಲ್ಲಿ ಕನ್ನಡ ಓದುಗರು ಎದ್ದು ಕೂರುತ್ತಾರೆ. ಅರ್ಧ ಅವಧಿ ನಿನಗೆ, ಅರ್ಧ ಅವಧಿ ನನಗೆ! 2006ರಲ್ಲಿ ಜೆಡಿಎಸ್ ಮತ್ತು ಬಿಜೆಪಿ ತಲಾ 20 ತಿಂಗಳೆಂದು ಕೈಕುಲುಕಿದವು. ಕುಮಾರಸ್ವಾಮಿಯವರ 20 ತಿಂಗಳು ತುಂಬಿದಾಗ ಖುರ್ಚಿ ಕೈಬದಲಾಗಲಿಲ್ಲ. ಗದ್ದಲವಾಗಿ, ರಾಷ್ಟ್ರಪತಿ ಆಡಳಿತ ಬಂದು, ನವೆಂಬರ್ 2007ರಲ್ಲಿ ಯಡಿಯೂರಪ್ಪನವರು ಪ್ರಮಾಣವಚನ ಸ್ವೀಕರಿಸಿ ಒಂದೇ ವಾರಕ್ಕೆ ರಾಜೀನಾಮೆ ಕೊಟ್ಟರು. ಐರ್ಲೆಂಡಿನಲ್ಲಿ 2022ರ ಡಿಸೆಂಬರ್ 17ರಂದು, ಮಾತಿನಂತೆ, ಮಾರ್ಟಿನ್ ಇಳಿದರು, ವರಾಡ್ಕರ್ ಹತ್ತಿದರು. ಮಾರ್ಟಿನ್ ದಿಲ್ಲಿಗೂ ಹೋಗಲಿಲ್ಲ, ದೇವರ ಮುಂದೆ ಆಣೆ ಹಾಕಿಸಲಿಲ್ಲ, ಶಾಸಕರನ್ನು ರೆಸಾರ್ಟಿಗೂ ಕರೆದೊಯ್ಯಲಿಲ್ಲ. ನೂರು ವರ್ಷ ಹಗೆ ಸಾಧಿಸಿದವರು ಇಷ್ಟು ಸಪ್ಪೆಯಾಗಿ ಮಾತು ಉಳಿಸಿಕೊಂಡದ್ದು ನಮ್ಮ ಸಂಶೋಧನೆಗೆ ದೊಡ್ಡ ನಷ್ಟ. ಹತ್ತಿದ ವರಾಡ್ಕರರ ತಂದೆಯ ಊರು ಗೋವೆಯಾಚೆಯ ಮಾಲ್ವಣದ ಬಳಿಯ ವರಾಡ. ಇನ್ನಷ್ಟು ದಕ್ಷಿಣಕ್ಕೆ, ಕಾರವಾರದೀಚೆಗೆ ಇದ್ದಿದ್ದರೆ ಪರಿಣಾಮ ಬೇರೆಯಾಗುತ್ತಿತ್ತೇ ಎಂಬುದು ಮುಂದಿನ ಅಧ್ಯಯನಕ್ಕೆ ಬಿಟ್ಟದ್ದು.

2024ರ ನವೆಂಬರಿನ ಚುನಾವಣೆಯಲ್ಲಿ ಕಾರ್ಲೋ-ಕಿಲ್ಕೆನ್ನಿಯ ಐದರಲ್ಲಿ ಮೂರು ಸ್ಥಾನ ಫಿಯನ್ನಾ ಫಾಯಿಲ್‌ಗೆ, ಒಂದು ಫಿನೆ ಗೇಲ್‌ಗೆ. ಸತ್ತ ಬೆಕ್ಕುಗಳಿಗೆ ಐದರಲ್ಲಿ ನಾಲ್ಕು. ದೇಶದಲ್ಲಿ 48 ಮತ್ತು 38, ಒಟ್ಟು 86. 174 ಸದಸ್ಯರ ಡಾಲ್‌ನಲ್ಲಿ ಬಹುಮತಕ್ಕೆ ಬೇಕಾದದ್ದು 88. ಪಕ್ಷೇತರರ ಒಂದು ಗುಂಪು ನೆರವಿಗೆ ಬಂತು. ಅವರಲ್ಲಿ ಕೆಲವರು ಮಂತ್ರಿಗಿರಿ ಪಡೆಯಲಿದ್ದವರು. ಉಳಿದವರು, ನಾವು ಸರ್ಕಾರವನ್ನು ಬೆಂಬಲಿಸುತ್ತೇವೆ, ಆದರೆ ಸದನದಲ್ಲಿ ಮಾತಾಡುವ ಸಮಯ ಮಾತ್ರ ವಿರೋಧ ಪಕ್ಷದ ಪಾಲಿನಿಂದ ಕೊಡಿ ಎಂದರು. 2025ರ ಜನವರಿ 22ರಂದು ಇದೇ ವಿಷಯಕ್ಕೆ ಸದನದಲ್ಲಿ ಕೂಗಾಟವಾಗಿ, ಪ್ರಧಾನಿಯ ಆಯ್ಕೆ ಮರುದಿನಕ್ಕೆ ಹೋಯಿತು.

ಆಡಳಿತದ ತಟ್ಟೆಯಲ್ಲಿ ಉಂಡು ವಿರೋಧದ ಸಾಲಿನಲ್ಲಿ ಮಿಯಾಂವ್ ಎನ್ನುವ ಈ ಮೂರನೆಯ ಜಾತಿಗೆ ಡುವರ್ಜೆಯಲ್ಲಾಗಲಿ, ಲಿಪ್ಸೆಟ್-ರೋಕನ್‌ರಲ್ಲಾಗಲಿ, ನಮ್ಮ ಬಾಲ ಸಿದ್ಧಾಂತದಲ್ಲಾಗಲಿ ಜಾಗವಿಲ್ಲ. ಅದಕ್ಕಾಗಿ ಎರಡನೆಯ ಸಂಪುಟ ಬರೆಯಲು ಅನುದಾನ ಕೋರಿ ಅರ್ಜಿ ಹಾಕಿದ್ದೇವೆ. ಅರ್ಜಿಯನ್ನು ಪರಿಶೀಲಿಸುವ ಸಮಿತಿಯಲ್ಲಿ ಒಂದು ಸ್ಥಾನ ಖಾಲಿ ಇದ್ದರೆ ಕೂರಲು ನಾವೇ ಸಿದ್ಧರಿದ್ದೇವೆಂದೂ, ಬೇಕಿದ್ದರೆ ಅರ್ಜಿಯನ್ನು ಅಲ್ಲಿ ಉಗ್ರವಾಗಿ ವಿರೋಧಿಸುತ್ತೇವೆಂದೂ ಕೆಳಗೆ ಷರಾ ಬರೆದಿದ್ದೇವೆ.